ಎರಡನೆಯ ಮೇಜು

ಎದುರು ಮನೆಯ ಜಗಲಿಯ ಮೇಲೆ ಬಡಗಿಗಳು ಕೂತಿದ್ದಾರೆ. ಮಗಳ ಮದುವೆ ಹತ್ತಿರ ಬಂತಂತೆ, ಹಳೆಯ ಮೇಜು ಕುರ್ಚಿಗಳಿಗೆಲ್ಲ ಪಾಲಿಷ್ ಹೊಡೆಸುತ್ತಿದ್ದಾರೆ. ಸ್ಪಿರಿಟ್ಟಿನಲ್ಲಿ ಅರಗು ಕರಗಿದ ಆ ಘಾಟು ಬೀದಿ ದಾಟಿ ನನ್ನ ಕೋಣೆಗೂ ಬಂತು. ಕಿಟಕಿ ಮುಚ್ಚೋಣವೆಂದು ಎದ್ದವನು ಮುಚ್ಚದೆ ಹಾಗೇ ನಿಂತೆ. ಭದ್ರಾವತಿಯ ನಮ್ಮ ಏಜೆಂಟರು ನೆನಪಾದರು…

ಆಗೆಲ್ಲ ಬ್ಯಾಂಕಿನ ಬ್ರಾಂಚ್ ನೋಡಿಕೊಳ್ಳುವವರನ್ನು ಮ್ಯಾನೇಜರ್ ಅನ್ನುತ್ತಿರಲಿಲ್ಲ, ಏಜೆಂಟರು ಅನ್ನುತ್ತಿದ್ದೆವು. ಯುದ್ಧದ ಕಾಲ. ನಾನು ಶಿವಮೊಗ್ಗದಿಂದ ದಿನಾ ರೈಲಿನಲ್ಲಿ ಹೋಗಿ, ಗುಮಾಸ್ತಿಕೆ ಮಾಡಿ, ಸಂಜೆಯ ಗಾಡಿಗೆ ವಾಪಸಾಗುತ್ತಿದ್ದೆ. ಓಲ್ಡ್ ಟೌನಿನ ಒಂದೇ ಬೀದಿಯಲ್ಲಿ ಎರಡು ಬ್ಯಾಂಕು, ಎದುರುಬದುರು. ನಮ್ಮದು ಘಟ್ಟದ ಮೇಲಿನವರದು, ಅದು ಘಟ್ಟದ ಕೆಳಗಿನವರದು. ನಮ್ಮದಕ್ಕಿಂತ ಅದು ಒಂದು ಕೈ ದೊಡ್ಡದೇ. ಅಡಿಕೆ ಮಂಡಿಯ ಸಾಹುಕಾರನೊಬ್ಬ ಆ ಬಾಗಿಲು ಬಿಟ್ಟು ಈ ಬಾಗಿಲಿಗೆ ಬಂದರೆ ನಮ್ಮಲ್ಲಿ ಹಬ್ಬ, ಅವರಲ್ಲಿ ಸೂತಕ. ಹೀಗಾಗಿ ಇಲ್ಲಿಯವರು ಅಲ್ಲಿಯವರ ಜೊತೆ ಕೂತು ಕಾಫಿ ಕುಡಿಯುವಂತಿರಲಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಮೀರಿದವರ ಸುದ್ದಿ ಹೇಗೋ ಹೆಡ್ಡಾಫೀಸಿಗೆ ಮುಟ್ಟುತ್ತಿತ್ತು.

ನಮ್ಮ ಏಜೆಂಟರಿಗೆ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬ್ಯಾಂಕಿನ ಮಹಡಿಯ ಮೇಲೇ ವಾಸ. ನಾವು ಗುಮಾಸ್ತರು ಅವರ ಮುಂದೆ ತಗ್ಗಿದ ದನಿಯಲ್ಲಿ ಮಾತಾಡುವವರು. ಊರಿನವರು ಸಾಲ ಬೇಕಾದಾಗ ಮಾತ್ರ ಮಾತಾಡುವವರು. ಎದುರಿನ ಏಜೆಂಟರದೂ ಒಂಟಿ ಬಾಳೇ, ಸಂಸಾರವನ್ನು ಘಟ್ಟದ ಕೆಳಗೆ ಬಿಟ್ಟು ಬಂದಿದ್ದರು. ಸಂಜೆ ಇಬ್ಬರೂ ತಮ್ಮ ತಮ್ಮ ಜಗಲಿಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿದಾಗ ಇಬ್ಬರೂ ಜೇಬಿನಿಂದ ಗಡಿಯಾರ ತೆಗೆದು ಸರಿಮಾಡಿಕೊಂಡು, ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುತ್ತಿದ್ದರು. ದಿನದ ಭೇಟಿ ಅಷ್ಟೇ. ಒಮ್ಮೆ ನಮ್ಮವರು ಜ್ವರದಿಂದ ಮಲಗಿ ಜಗಲಿ ಖಾಲಿಯಾದಾಗ, ಎದುರಿನಿಂದ ಪ್ಯೂನ್ ಕೈಯಲ್ಲಿ ಗಂಜಿ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ. ನಮ್ಮವರು ಆ ಪಾತ್ರೆಯನ್ನು ತಾವೇ ತೊಳೆದು, ಸಕ್ಕರೆ ತುಂಬಿಸಿ ವಾಪಸು ಕಳಿಸಿದರು.

ಎರಡೂ ಬ್ಯಾಂಕು ಒಂದಾಗುತ್ತವಂತೆ ಎಂಬ ಗುಲ್ಲು ಎದ್ದದ್ದು ಅದೇ ವರ್ಷ. ಹೆಡ್ಡಾಫೀಸಿನಿಂದ ಯಾರೋ ಬಂದು ನಮ್ಮ ಬ್ಯಾಂಕಿನ ಹಜಾರವನ್ನು ಟೇಪು ಹಿಡಿದು ಅಳೆದರು. ಬಣ್ಣ ಹೋದ ಬೋರ್ಡನ್ನು ಮತ್ತೆ ಬರೆಸಲು ಕೇಳಿದರೆ ಸದ್ಯಕ್ಕೆ ಬೇಡವೆಂದು ಉತ್ತರ ಬಂತು. ನಮಗೆ ಅಷ್ಟು ಸಾಕಿತ್ತು. ನಮ್ಮ ಕ್ಯಾಷಿಯರ್ ಅಂತೂ ಸಾಕ್ಷಾತ್ ಡೈರೆಕ್ಟರುಗಳ ಪಕ್ಕದಲ್ಲೇ ಕೂತು ಕೇಳಿಸಿಕೊಂಡು ಬಂದವನ ಹಾಗೆ ಹೇಳುತ್ತಿದ್ದ.

"ಒಂದೇ ಬೀದೀಲಿ ಎರಡು ಬಾಗಿಲು ಯಾಕೆ ಬೇಕು ಮಾರಾಯ? ಒಂದನ್ನ ಮುಚ್ತಾರೆ. ನಮ್ಮಲ್ಲಿ ಅರ್ಧ ಜನ ಮನೇಗೆ!"

ನಗುತ್ತಿದ್ದೆವು, ಆದರೆ ಆ ಅರ್ಧದಲ್ಲಿ ಯಾರ್ಯಾರೆಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆವು. ಏಜೆಂಟರು ಮಾತ್ರ ಯಾವತ್ತೂ ಇಲ್ಲದ ಉತ್ಸಾಹದಲ್ಲಿ, "ಏನಂತಯ್ಯ ಹೊಸ ಸುದ್ದಿ?" ಎಂದು ತಾವಾಗಿಯೇ ಕೇಳತೊಡಗಿದರು.

ಆಯುಧಪೂಜೆ ಬಂತು. ತಿಜೋರಿಗೆ ಪೂಜೆಯಾದ ಮೇಲೆ ಎರಡು ಬ್ಯಾಂಕುಗಳೂ ಒಂದಕ್ಕೊಂದು ಪ್ರಸಾದದ ಚರುಪು ಕಳಿಸುವುದು ವಾಡಿಕೆ. ಪ್ರತಿವರ್ಷ ಪ್ಯೂನ್ ತರುತ್ತಿದ್ದ. ಆ ಸಲ ಎದುರಿನ ಏಜೆಂಟರೇ ಪಂಚೆ ಉಟ್ಟು, ಶಲ್ಯ ಹೊದ್ದು, ತಟ್ಟೆ ಹಿಡಿದು ಬೀದಿ ದಾಟಿ ಬಂದರು.

"ಬನ್ನಿ ರಾಯರೇ, ಬನ್ನಿ," ಎಂದು ನಮ್ಮವರು ಎದ್ದೇ ನಿಂತರು.

"ಈ ಸಲ ನಾನೇ ತಂದೆ ಮಾರಾಯ್ರೇ. ಪ್ಯೂನ್ ಕೈಲಿ ಕಳಿಸುದು ಚಂದ ಅಲ್ಲ ಅಂತ ಕಂಡಿತು."

ಅವರು ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಕ್ಯಾಷಿಯರ್ ನುಗ್ಗಿ, "ಹಾಗಾದ್ರೆ ಸುದ್ದಿ ನಿಜವಾ ಸಾರ್?" ಎಂದ. ನಾವೆಲ್ಲ ಸುತ್ತ ಮುತ್ತಿಕೊಂಡೆವು. ಅವರು ನಮ್ಮ ಮುಖಗಳನ್ನು ನೋಡಿದರು, ನಕ್ಕರು, ತಟ್ಟೆ ಕೆಳಗಿಟ್ಟು ಹೊರಟುಹೋದರು. ಇನ್ನು ಅನುಮಾನವೇ ಇಲ್ಲ ಎಂದು ನಾವು ತೀರ್ಮಾನಿಸಿಬಿಟ್ಟೆವು.

ಮಾರನೆಯ ವಾರ ನಮ್ಮ ಏಜೆಂಟರು ಬಡಗಿಯನ್ನು ಕರೆಸಿ, ಸ್ವಂತ ಖರ್ಚಿನಲ್ಲಿ ಹೊಸ ಮೇಜೊಂದನ್ನು ಮಾಡಿಸಿದರು. ಹೊನ್ನೆಯ ಮರದ್ದು. ಅವರ ದೊಡ್ಡ ಮೇಜಿನ ಅರ್ಧದಷ್ಟಿತ್ತು, ಬೀಗದ ಡ್ರಾಯರ್ ಕೂಡ ಇರಲಿಲ್ಲ. ಪಾಲಿಷ್ ಆರುವ ಮೊದಲೇ ತಂದು ತಮ್ಮ ಮೇಜಿನ ಪಕ್ಕಕ್ಕೆ ಹಾಕಿಸಿದರು. ಬ್ಯಾಂಕೆಲ್ಲ ಘಾಟು. ನಮ್ಮ ಕ್ಯಾಷಿಯರನ ಕಣ್ಣು ಕೆಂಪಗಾಯಿತು, ಘಾಟಿಗಲ್ಲ.

"ನೋಡ್ರೋ ಗತ್ತು! ನಮ್ಮ ಹೊಟ್ಟೆಗೆ ಬೆಂಕಿ ಬಿದ್ದಿದೆ, ಇವರಿಗೆ ಎದುರಿನೋರನ್ನ ಕೈಕೆಳಗೆ ಕೂರಿಸೋ ಆತುರ."

ಅಂದಿನಿಂದ ಏಜೆಂಟರು ಹತ್ತಿರ ಬಂದರೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಒಂದು ಸಂಜೆ ನನ್ನ ಗಾಡಿಗೆ ಇನ್ನೂ ಹೊತ್ತಿತ್ತು. ತಡೆಯಲಾರದೆ ನಾನೇ ಕೇಳಿದೆ.

"ಸಾರ್, ಒಂದು ಬ್ರಾಂಚಿಗೆ ಇಬ್ಬರು ಏಜೆಂಟರು ಇರೋಕಾಗತ್ತಾ?"

"ಅಷ್ಟು ಗೊತ್ತಿಲ್ವೇನಯ್ಯ ನನಗೆ? ಅವರ ಬ್ಯಾಂಕು ದೊಡ್ಡದು, ಅವರೇ ಏಜೆಂಟ್ ಆಗ್ತಾರೆ. ದೊಡ್ಡ ಮೇಜು ಅವರಿಗೆ." ಹೊಸ ಮೇಜಿನ ಅಂಚನ್ನು ಕೈಯಿಂದ ಸವರಿದರು. "ಇದು ನನಗೆ."

"ಸಂಬಳ ಇಳಿಯತ್ತಲ್ಲ ಸಾರ್…"

"ಇಳೀಲಿ ಮಾರಾಯ. ಮಾತಾಡೋಕೆ ಒಬ್ಬರು ಸಿಗ್ತಾರಲ್ಲ."

ನಾವೆಲ್ಲ ಹೆದರಿ ಕೂತಿದ್ದ ಸುದ್ದಿಗಾಗಿ ಒಬ್ಬ ಮನುಷ್ಯ ಕಾದು ಕೂತಿದ್ದ. ಅಂದು ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಸಂಕಟವಾಯಿತು.

ಸ್ವಲ್ಪ ದಿನ ಕಳೆದ ಮೇಲೆ ಎದುರು ಬಾಗಿಲಲ್ಲಿ ಜಟಕಾ ನಿಂತಿತು. ಟ್ರಂಕು, ಹಾಸಿಗೆ ಸುರುಳಿ ಏರಿದವು. ಎದುರಿನ ಏಜೆಂಟರಿಗೆ ಘಟ್ಟದ ಕೆಳಕ್ಕೆ ವರ್ಗವಾಗಿತ್ತು. ವರ್ಗದ ಆರ್ಡರು ಹಬ್ಬಕ್ಕೆ ಮೊದಲೇ ಬಂದಿತ್ತೆಂದು ಅವರ ಪ್ಯೂನ್ ಹೇಳಿದ. ಹೋಗಿಬರುತ್ತೇನೆಂದು ಹೇಳಲು ತಟ್ಟೆ ಹಿಡಿದು ಬಂದವರನ್ನು ನಾವು ಒಂದಾಗುವ ಸುದ್ದಿ ತಂದವರು ಅಂದುಕೊಂಡಿದ್ದೆವು. ನಮ್ಮವರು ಜಗಲಿಯ ಅಂಚಿಗೆ ಬಂದು ನಿಂತರು. ಕೈ ಮುಗಿದರು. ಜಟಕಾದಲ್ಲಿದ್ದವರೂ ಮುಗಿದರು. ಅದೇ ಹೊತ್ತಿಗೆ ಸೈರನ್ ಕೂಗಿತು. ಅವರು ಅಭ್ಯಾಸಬಲದಿಂದ ಗಡಿಯಾರ ತೆಗೆದು ನೋಡಿ, ತಲೆಯೆತ್ತಿ, ನಮ್ಮವರ ಕಡೆಗೆ ತಲೆಯಾಡಿಸಿದರು. ನಮ್ಮವರ ಕೈ ಜೇಬಿಗೆ ಹೋಗಿ ಅಲ್ಲೇ ಉಳಿಯಿತು.

ಗುಲ್ಲು ತಾನಾಗಿ ಅಡಗಿತು. ನಮ್ಮ ಬೋರ್ಡಿಗೆ ಹೊಸ ಬಣ್ಣ ಬಂತು, ಕ್ಯಾಷಿಯರ್ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದ. ಎದುರಿಗೆ ಬಂದ ಹೊಸ ಏಜೆಂಟರು ಜಗಲಿಯಲ್ಲಿ ಕೂರುವವರಲ್ಲ. ನಮ್ಮವರು ಆ ಮೇಜನ್ನು ತೆಗೆಸಲಿಲ್ಲ, ಅದರ ಮೇಲೆ ಒಂದು ಕಾಗದ ಇಡಲೂ ಬಿಡಲಿಲ್ಲ. ಬೆಳಿಗ್ಗೆ ತಾವೇ ಧೂಳು ಒರೆಸುತ್ತಿದ್ದರು. ನಿವೃತ್ತರಾಗಿ ಹೊಳಲೂರಿನ ತಂಗಿಯ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರಂತೆ… ನನಗೆ ತಿಳಿದದ್ದು ತಡವಾಗಿ. ಘಟ್ಟದ ಕೆಳಗೆ ಹೋದವರೂ ಅದಕ್ಕೆ ಮೊದಲೇ ತೀರಿಹೋಗಿದ್ದರಂತೆ.

ನನಗೂ ಈಗ ವಯಸ್ಸಾಯಿತು. ಮನೆಯಲ್ಲಿ ನಾನೊಬ್ಬನೇ. ಹೋದ ವರ್ಷ ಪೇಪರಿನಲ್ಲಿ ಓದಿದೆ, ಆ ಎರಡೂ ಬ್ಯಾಂಕು ಕೊನೆಗೂ ಒಂದಾದವಂತೆ. ಓದಿದವನೇ ಎದ್ದು ಚಪ್ಪಲಿ ಮೆಟ್ಟಿದ್ದೆ. ಓಡಿಹೋಗಿ ನಮ್ಮ ಏಜೆಂಟರಿಗೆ ಹೇಳಿಬಿಡಬೇಕು ಅನ್ನಿಸಿತ್ತು. ಬಾಗಿಲ ತನಕ ಹೋದ ಮೇಲೆ ನೆನಪಾಗಿತ್ತು, ಹೇಳಬೇಕಾದ ಇಬ್ಬರೂ ಇಲ್ಲ.