ಬಣ್ಣದ ಕೋಣೆಯ ಪೈಪುಗಳು

ನಗರಸಭೆಯಲ್ಲಿ ಕಲಾವಿದರಿಗೆಂದು ಒಂದು ಕುರ್ಚಿ ಮೀಸಲಿಟ್ಟಾಗ ಅದರಲ್ಲಿ ಕೂರಿಸಿದ್ದು ನಾಟಕದಕ್ಕನನ್ನು. ರಾಣಿ, ದಾಸಿ, ಅತ್ತೆ ಎಂದು ಅರ್ಧ ಆಯುಷ್ಯ ರಂಗದ ಮೇಲೆ ಕಳೆದವಳು. ಊರಿಗೆಲ್ಲ ಆ ಅಡ್ಡಹೆಸರೇ ಗಟ್ಟಿ. ಅವಳ ತಲೆಯಲ್ಲಿದ್ದದ್ದು ಒಂದೇ ಕೆಲಸ. ಪುರಭವನದಲ್ಲಿ ಹೆಂಗಸರು ಬಣ್ಣ ಹಚ್ಚಿಕೊಳ್ಳಲೆಂದು ಕಟ್ಟಿಸಿದ ಕೋಣೆಯಲ್ಲಿ ನೀರಿನ ವಿಭಾಗದವರು ತುಕ್ಕು ಹಿಡಿದ ಪೈಪು ತುಂಬಿದ್ದರು. ನಟಿಯರು ಮೆಟ್ಟಿಲ ಕೆಳಗೆ, ಗೆಳತಿಯರು ಹಿಡಿದ ಬೆಡ್‌ಶೀಟಿನ ಮರೆಯಲ್ಲಿ ಬಟ್ಟೆ ಬದಲಿಸುತ್ತಿದ್ದರು.

ಮೊದಲ ಸಭೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು, ಅಕ್ಕನವರಿಂದ ರಾಣಿಯ ಒಂದು ಮಾತು ಕೇಳೋಣ ಎಂದರು. ಹೇಳಿದಳು. ಚಪ್ಪಾಳೆ ಬಿತ್ತು. ಕೋಣೆಯ ವಿಷಯ ಎತ್ತುವಷ್ಟರಲ್ಲಿ ಚಹಾ ಬಂತು, ಸಭೆ ಮುಗಿಯಿತು. ಮುಂದಿನ ಸಭೆಗಳಲ್ಲೂ ಅದೇ. ಚರಂಡಿಯ ಜಗಳ ಬಿಸಿಯೇರಿದರೆ ತಣ್ಣಗಾಗಿಸಲು ಅವಳಿಂದ ಹಾಡಿಸುತ್ತಿದ್ದರು. ಚರಂಡಿಯ ಬಗ್ಗೆ ಅವಳಿಗೂ ಏನಾದರೂ ಹೇಳುವುದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ವರ್ಷವೊಂದು ಹೀಗೇ ಸವೆದ ಮೇಲೆ ಅವಳ ತಾಳ್ಮೆ ಕೆಟ್ಟಿತು. ಅಧ್ಯಕ್ಷರು ಮಾಮೂಲಿನಂತೆ ಕೇಳಿದಾಗ ಎದ್ದು ನಿಂತಳು.

“ಇವತ್ತು ರಾಣಿ ಬಂದಿಲ್ಲ ಸರ್, ನಾನು ಬಂದಿದ್ದೀನಿ. ಆ ಕೋಣೆ ಖಾಲಿ ಮಾಡಿಸೋವರೆಗೆ ನನ್ನ ಬಾಯಿಂದ ಒಂದು ಸಾಲೂ ಹೊರಡಲ್ಲ.”

ಇದೂ ನಾಟಕದ ಮಾತೇ ಇರಬೇಕೆಂದು ಕೆಲವರು ನಕ್ಕರು. ಅವಳು ಕೂರಲಿಲ್ಲ. ಕೊನೆಗೆ ಅಧ್ಯಕ್ಷರಿಗೇ ಮುಜುಗರವಾಗಿ, ಪೈಪು ತೆಗೆಸಿ ಎಂದು ಎಂಜಿನಿಯರಿಗೆ ಹೇಳಿದರು.

ತೆಗೆಸಿದರು. ಅವಳು ದರ್ಜಿ ಕೆಲಸದ ಗಂಡನನ್ನೂ ಕರೆದುಕೊಂಡು ನೋಡಲು ಹೋದಳು. ಕೋಣೆಗೆ ಸುಣ್ಣ ಬಳಿದಿತ್ತು, ಬಾಗಿಲಿಗೆ ಹೊಸ ಚಿಲಕವೂ ಇತ್ತು. ಖುಷಿಯಿಂದ ಪಕ್ಕದ ತಾಲೀಮು ಕೋಣೆಯ ಬಾಗಿಲು ತಳ್ಳಿದಳು. ಅದು ಅರ್ಧಕ್ಕೇ ನಿಂತಿತು. ಒಳಗೆ ಸೂರು ಮುಟ್ಟುವಷ್ಟು ಪೈಪು.

“ಸಾಕು ಬಿಡು, ರಾಜೀನಾಮೆ ಬಿಸಾಕು,” ಎಂದ ಗಂಡ.

“ಬಿಸಾಕಿದ್ರೆ ಹಾಡೋಕೆ ಇನ್ನೊಬ್ಬರನ್ನ ಕೂರಿಸ್ತಾರೆ, ಅಷ್ಟೇ.”

ಉಳಿದ ಅವಧಿಯೆಲ್ಲ ತಾಲೀಮು ಕೋಣೆಗಾಗಿ ಕೂಗಾಡಿದಳು. ಕಲಾವಿದರಿಗೆ ಎಷ್ಟು ಕೊಟ್ಟರೂ ಸಾಲದು ಎಂದು ಗೊಣಗಿದ ಅಧ್ಯಕ್ಷರೇ ಬೀಳ್ಕೊಡುಗೆಯಲ್ಲಿ, ಅಕ್ಕನವರು ಸಭೆಗೆ ಕಳೆ ತಂದರು ಎಂದು ಹೊಗಳಿದರು. ಅವಳು ಎದ್ದು ಬಂದಳು.

ಈಗ ನಟಿಯರು ಚಿಲಕ ಹಾಕಿಕೊಂಡು ಬಟ್ಟೆ ಬದಲಿಸುತ್ತಾರೆ. ತಾಲೀಮು ಮಾತ್ರ ಬೈಕು ನಿಲ್ಲಿಸುವ ಜಾಗದಲ್ಲಿ. ಯಾರಾದರೂ ಗಾಡಿ ತೆಗೆಯಲು ಬಂದಾಗಲೆಲ್ಲ ರಾಜ, ಮಂತ್ರಿ ಇಬ್ಬರೂ ಪಕ್ಕಕ್ಕೆ ಸರಿಯಬೇಕು. ನಾಟಕದಕ್ಕ ಅಲ್ಲೇ ನಿಂತು ಹೇಳಿಕೊಡುತ್ತಾಳೆ, ನಡುನಡುವೆ ನಗರಸಭೆಯನ್ನು ಬೈಯುತ್ತ.