ಕಾರ್ಡು ಸತ್ತಿಲ್ಲ ಎಂದ ಜಂಬಕ್ಕ

ಬೆಳಗಿನ ಆರೂವರೆ. ಕೊಟ್ಟೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದು ಒಳಬರುವ ಜಂಬಕ್ಕ ಮೊದಲು ಕಿಟಕಿ ತೆರೆಯುತ್ತಾರೆ, ಆಮೇಲೆ ಪೊರಕೆ ಹಿಡಿಯುತ್ತಾರೆ. ನೆಲ ಒರೆಸಿದ ಮೇಲೆ ಮೂವತ್ತೆಂಟು ಕಂಪ್ಯೂಟರುಗಳನ್ನೂ ಒಂದೊಂದಾಗಿ ಚಾಲೂ ಮಾಡಿ, ಒಳಗಿನ ಫ್ಯಾನಿನ ಸದ್ದಿಗೆ ಕಿವಿಗೊಡುತ್ತಾರೆ. "ಹದಿನೇಳನೇದು ಗೊರಗೊರ ಅಂತೈತಿ. ಧೂಳ ಕುಂತೈತಿ" ಎನ್ನುತ್ತ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ. ವಿದ್ಯಾರ್ಥಿಗಳು ಬರುವ ಹೊತ್ತಿಗೆ ಅದನ್ನು ಬಿಚ್ಚಿ, ಧೂಳು ತೆಗೆದು, ಮತ್ತೆ ಮುಚ್ಚಿ ಆಗಿರುತ್ತದೆ.

ನಲವತ್ತನಾಲ್ಕರ ಜಂಬಕ್ಕ ಹೊಸಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಹದಿನೈದು ವರ್ಷದ ಹಿಂದೆ ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಾಗ, ಕಂಪ್ಯೂಟರ್ ಮುಟ್ಟಬಾರದೆಂದು ಕಾಲೇಜಿನವರು ತಾಕೀತು ಮಾಡಿದ್ದರು. ಜಂಬಕ್ಕ ಮುಟ್ಟಲಿಲ್ಲ, ಓದಿದರು. ಪರದೆಯ ಮೇಲೆ ಮೂಡುವ ಇಂಗ್ಲಿಷ್ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮನೆಯಲ್ಲಿ ನಿಘಂಟು ನೋಡಿ ಅರ್ಥ ಬರೆದರು. ಅಂಥ ಒಂಬತ್ತು ನೋಟ್‌ಬುಕ್ಕುಗಳಿವೆ. ಅವನ್ನು ಕಂಡ ಮೇಲೆ ಕಾಲೇಜಿನವರು ಸ್ಕ್ರೂಡ್ರೈವರ್ ಹಿಡಿಯಲೂ ಬಿಟ್ಟರು. "ಮಷಿನ್ನು ತನಗೇನಾಗೈತಿ ಅಂತ ತಾನ ಬರ್ದು ತೋರಸ್ತೈತ್ರಿ. ನಾವು ಓದಂಗಿಲ್ಲ, ಓಕೆ ಒತ್ತಿಬಿಡ್ತೀವಿ" ಎಂದು ನಗುತ್ತಾರೆ.

ಈ ಓದು ಕೈಹಿಡಿದದ್ದು ಕಳೆದ ವರ್ಷ. ಕೊನೆಯ ವರ್ಷದವರ ಪ್ರಾಯೋಗಿಕ ಪರೀಕ್ಷೆಗೆಂದು ಭಾರೀ ಲೆಕ್ಕಗಳನ್ನೂ ಬೇಗ ಮಾಡುವ ಗ್ರಾಫಿಕ್ಸ್ ಕಾರ್ಡಿನ ನಾಲ್ಕು ಹೊಸ ಕಂಪ್ಯೂಟರುಗಳು ಬಂದಿದ್ದವು. ಕಾರ್ಡಿನ ಮೇಲೆ ಓಡುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕುವ ತಂತ್ರಾಂಶ, ಡಿಬಗ್ಗರ್, ಅವುಗಳಲ್ಲಿತ್ತು. ಆದರೆ ಪ್ರೋಗ್ರಾಂ ನಿಲ್ಲಿಸಿದ ಕೂಡಲೇ ಪರದೆಯೂ ನಿಂತುಬಿಡುತ್ತಿತ್ತು. ಮೌಸಿನ ಬಾಣವೂ ಅಲುಗುತ್ತಿರಲಿಲ್ಲ. ನಾಲ್ಕರಲ್ಲೂ ಅದೇ ಕಥೆ.

ಕಾರ್ಡುಗಳೇ ಕೆಟ್ಟಿವೆ, ವಾಪಸ್ ಕಳಿಸಿದರೆ ಬದಲಿ ಬರಲು ಎರಡು ತಿಂಗಳು ಎಂದರು ಕಂಪ್ಯೂಟರ್ ಮಾರಿದ ಅಂಗಡಿಯವರು. ಪರೀಕ್ಷೆಗೆ ಉಳಿದದ್ದು ಇಪ್ಪತ್ತು ದಿನ. ಇಲ್ಲಾಗದಿದ್ದರೆ ಪರೀಕ್ಷೆ ಬರೆಯಲು ವಿದ್ಯಾರ್ಥಿಗಳು ಬಳ್ಳಾರಿಗೆ ಹೋಗಬೇಕು. ಹಂಪಸಾಗರದಿಂದ ಬರುವ ವಿದ್ಯಾರ್ಥಿನಿ ಅಮೃತಾ, "ಎರಡ ದಿನ ಅಲ್ಲೇ ಉಳೀಬೇಕಂದ್ರ ನಮ್ಮನ್ಯಾಗ ಕಳಸಂಗಿಲ್ಲಕ್ಕ" ಎಂದು ಜಂಬಕ್ಕನ ಮುಂದೆ ಅತ್ತಳು.

ಆ ಸಂಜೆ ಜಂಬಕ್ಕ ಉಪನ್ಯಾಸಕ ಗವಿಸಿದ್ದೇಶ್ ಅವರ ಮೇಜಿನ ಮೇಲಿದ್ದ ಮೂರು ಪುಟಗಳನ್ನು ಕೇಳಿ ಪಡೆದು ಮನೆಗೆ ಒಯ್ದರು. ಡಿಬಗ್ಗರ್ ಓಡಲು ಎಂಥ ಪ್ರೊಸೆಸರ್, ಎಂಥ ಕಾರ್ಡ್ ಬೇಕೆಂಬ ಪಟ್ಟಿ ಅದು. ಎರಡು ದಿನ ಕೂತು ಓದಿದರು. ಕೊನೆಯ ಪುಟದ ತಳದಲ್ಲಿ ಒಂದು ಸಾಲಿತ್ತು: ಯಾವ ಕಾರ್ಡಿನ ಮೇಲೆ ತಪ್ಪು ಹುಡುಕುತ್ತೀರೋ ಅದಕ್ಕೇ ಪರದೆ ಜೋಡಿಸಿರಬಾರದು.

"ಸರ್, ಕಾರ್ಡು ಸತ್ತಿಲ್ರಿ" ಎಂದರು ಮರುದಿನ. "ಪರದಿಗೆ ಚಿತ್ರ ಕಳಸೂದೂ ಅದ ಕಾರ್ಡ್ರಿ. ನಾವು ಅದನ್ನ ನಿಲ್ಲಿಸಿದ್ರ ಪರದೀನೂ ನಿಲ್ತೈತಿ."

"ಅಂಗಡಿಯವ್ರಿಗೇ ತಿಳೀಲಿಲ್ಲ, ನಿಮಗ ಹ್ಯಾಂಗ ತಿಳೀತು ಜಂಬಕ್ಕ?"

"ವೈರು ಬ್ಯಾರೆ ಕಡಿ ಹಾಕಿ ನೋಡೋಣ್ರಿ. ಆಗಲಿಲ್ಲಂದ್ರ ವಾಪಸ್ ಕಳಸ್ರಿ."

ಎರಡು ಕಂಪ್ಯೂಟರುಗಳಲ್ಲಿ ಕಂಪ್ಯೂಟರಿನ ಮಿದುಳಾದ ಪ್ರೊಸೆಸರೇ ಪರದೆಗೆ ಚಿತ್ರ ಕಳಿಸಬಲ್ಲುದಾಗಿತ್ತು. ಪರದೆಯ ವೈರನ್ನು ಕಾರ್ಡಿನಿಂದ ತೆಗೆದು ಅತ್ತ ಹಾಕಿದ್ದೇ ಸಾಕಾಯಿತು. ಉಳಿದೆರಡಕ್ಕೆ ಆ ಸೌಲಭ್ಯವಿರಲಿಲ್ಲ. ಜಂಬಕ್ಕ ಗುಜರಿ ಕೋಣೆಯ ಹಳೆಯ ಕಂಪ್ಯೂಟರುಗಳಿಂದ ಎರಡು ಸಣ್ಣ ಕಾರ್ಡು ಕಿತ್ತು ತಂದು, ಖಾಲಿ ಜಾಗದಲ್ಲಿ ಕೂರಿಸಿ, ಪರದೆಯನ್ನು ಅವಕ್ಕೆ ಜೋಡಿಸಿದರು. ಅಮೃತಾ ಪ್ರೋಗ್ರಾಂ ನಿಲ್ಲಿಸಿದಳು. ಬಾಣ ಪರದೆಯ ತುಂಬ ಓಡಾಡಿತು.

"ಆ ಪಟ್ಟಿ ನನ್ನ ಟೇಬಲ್ ಮ್ಯಾಲೆ ತಿಂಗಳಿಂದ ಬಿದ್ದಿತ್ತು. ನಾನು ಓದಿರಲಿಲ್ಲ" ಎಂದು ಗವಿಸಿದ್ದೇಶ್ ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಪರೀಕ್ಷೆ ಕೊಟ್ಟೂರಿನಲ್ಲೇ ನಡೆಯಿತು. ಆ ದಿನ ತಾವೇನು ಮಾಡುತ್ತಿದ್ದಿರಿ ಎಂದು ಕೇಳಿದರೆ ಜಂಬಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಬಾಗಲ ಹೊರಗ ಸ್ಟೂಲ್ ಹಾಕ್ಕೊಂಡು ಮೂರು ತಾಸು ಕುಂತಿದ್ನಿರಿ. ಮಷಿನ್ನು ನಿಂತೈತಿ ಬಾ ಅಂತ ಒಳಗಿಂದ ಒಬ್ರೂ ನನ್ನ ಕರೀಲಿಲ್ಲ. ಅಷ್ಟು ಖುಷಿ ಯಾವತ್ತೂ ಆಗಿದ್ದಿಲ್ಲ ನೋಡ್ರಿ."