ಮುಖಪುಟಕ್ಕೆ ಸೀರೆಯ ಹಿಂಬದಿ

"ಲೇ ಪವಿತ್ರಾ, ಉಲ್ಟಾ ಅಂಟಿಸಿದ್ದೀಯ ಕಣೇ!" ಯಾರೋ ಕೂಗಿದರು, ಇಡೀ ಹತ್ತನೇ ತರಗತಿ ನಕ್ಕಿತು. ಪವಿತ್ರಾ ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ತಾನು ಮಾಡಿದ್ದ ವಿನ್ಯಾಸ ತೋರಿಸುತ್ತಿದ್ದಳು. ನಮ್ಮ ದೊಡ್ಡಬಳ್ಳಾಪುರದ ಸೀರೆಯೇ ಥೀಮ್. ಆದರೆ ಮುಖಪುಟಕ್ಕೆ ಅಂಟಿಸಿದ್ದ ತುಂಡಿನಲ್ಲಿ ಜರಿಯ ನವಿಲು ಕಾಣಲಿಲ್ಲ, ಎಳೆಗಳು ಜೋತಾಡುವ ಹಿಂಬದಿ ಕಾಣುತ್ತಿತ್ತು. ಸಂಚಿಕೆಯ ಹೊಣೆ ಹೊತ್ತ ನಾನೂ "ತಿರುಗಿಸಿ ಅಂಟಿಸಮ್ಮ" ಎಂದುಬಿಟ್ಟೆ.

ಹುಡುಗಿ ಜಗ್ಗಲಿಲ್ಲ. "ಮಿಸ್, ನಮ್ಮನೆ ಮಗ್ಗದಲ್ಲಿ ಸೀರೆ ಉಲ್ಟಾನೇ ನೇಯೋದು. ನಮ್ಮಮ್ಮ ದಿನಾ ನೋಡೋದು ಈ ಕಡೆನೇ. ನಮ್ ಸ್ಕೂಲ್‌ನೂ ಒಂದ್ಸಲ ಈ ಕಡೆಯಿಂದ ತೋರಿಸೋಣ ಅಂತ."

ಮಾದರಿ ಪುಸ್ತಕದ ಮೊದಲ ಪುಟ ತೆರೆದಳು. ಅಲ್ಲಿ ನಮ್ಮ ಆಯಾ ರತ್ನಮ್ಮನ ಫೋಟೊ ಇತ್ತು. ಪ್ರತಿ ವರ್ಷ ಗ್ರೂಪ್ ಫೋಟೊಗೆ ಮಕ್ಕಳ ತಲೆ ಬಾಚಿ, ಸಾಲಾಗಿ ನಿಲ್ಲಿಸಿ, ಕ್ಯಾಮೆರಾ ಹಿಂದಕ್ಕೆ ಸರಿದುಕೊಳ್ಳುವ ರತ್ನಮ್ಮ.

ಅಂದು ಮನೆಗೆ ಬಂದವಳೇ, ನಾನೇ ಮುತುವರ್ಜಿಯಿಂದ ಮಾಡಿದ್ದ ಹಳೆಯ ಸಂಚಿಕೆಗಳನ್ನೆಲ್ಲ ತೆಗೆದು ಹುಡುಕಿದೆ. ರತ್ನಮ್ಮ ಎಲ್ಲೂ ಇರಲಿಲ್ಲ. ಅವರು ಬಾಚಿದ ತಲೆಗಳು ಮಾತ್ರ ಪುಟಪುಟದಲ್ಲೂ ಇದ್ದವು.